ಕಣ್ಣಿನ ತೂತಿಗೆ ತೇಪೆ

"ಇವತ್ತು ಕಡಲು ದೀಪಸ್ತಂಭವನ್ನು ಕುಡಿದುಬಿಟ್ಟಿತು," ಎಂದ ಪುರಂದರ, ಕಾಲಿಗೆ ಮೆತ್ತಿದ್ದ ಮರಳನ್ನು ಅಂಗಳದಲ್ಲಿ ತೊಳೆದು ಒಳಗೆ ಬರುತ್ತಾ.

ವಾರಿಜಾ ಒಲೆಯ ಮುಂದಿದ್ದಳು. ಗಂಡ ಹಾಗೆಲ್ಲ ಕಟ್ಟುಕತೆ ಹೇಳುವವನಲ್ಲ. ಮಲ್ಪೆ ಬಂದರಿನಲ್ಲಿ ಇಪ್ಪತ್ತು ವರ್ಷ ಬೋಟಿನ ತಾಂಡೇಲನಾಗಿದ್ದು ಚುಕ್ಕಾಣಿ ಹಿಡಿದವನು, ಕಂಡದ್ದನ್ನು ಕಂಡ ಹಾಗೆ ಹೇಳುವವನು. ಬಲೆ ಎಳೆಯುವಾಗ ಉಕ್ಕಿನ ಹಗ್ಗ ತುಂಡಾಗಿ ಬಡಿದು ಅವನ ಎಡಗಣ್ಣು ಹೋಗಿ ಒಂದು ಮಳೆಗಾಲ ಕಳೆದಿತ್ತು. ಗಾಯ ಮಾಗಿದ ಮೇಲೆ ಮೊದಲ ಸಲ ಕಡಲಿಗೆ ಹೋಗಿ ಬಂದಿದ್ದ.

"ಸರಿಯಾಗಿ ಹೇಳಿ. ಎಂತ ಆಯಿತು?"

"ವಾಪಸು ಬರುತ್ತಾ ಬಂದರಿನ ಬಾಯಿಯ ಬಾವುಟವನ್ನೇ ನೋಡುತ್ತಾ ಇದ್ದೆ. ಬಲಕ್ಕೆ ಕಾಪುವಿನ ದೀಪಸ್ತಂಭ ಇರಬೇಕಲ್ಲ, ಇಲ್ಲ. ಅದು ಇದ್ದ ಜಾಗದಲ್ಲಿ ಬರೀ ನೀರು, ಬರೀ ಆಕಾಶ. ಕತ್ತು ತಿರುಗಿಸಿದೆ, ಬಂತು. ಪುನಃ ಬಾವುಟ ನೋಡಿದೆ, ಹೋಯಿತು. ನಾಲ್ಕೈದು ಸಲ ಮಾಡಿ ನೋಡಿದೆ ಮಾರಾಯ್ತಿ. ಚಂದ ಇತ್ತು."

ವಾರಿಜಾ ನಗುತ್ತಾ ಒಲೆ ಸಣ್ಣ ಮಾಡಿದಳು. ಊಟದ ಮೇಜಿನ ಮೇಲೆ ಎಡಕ್ಕೊಂದು ಚಮಚ, ಬಲಕ್ಕೆ ಗೇಣು ದೂರದಲ್ಲಿ ಒಂದು ಲಿಂಬೆಹಣ್ಣು ಇಟ್ಟು, ಗಂಡನನ್ನು ಕುರ್ಚಿಯಲ್ಲಿ ಕೂರಿಸಿ, ಚಮಚವನ್ನೇ ನೋಡುತ್ತಾ ನಿಧಾನ ಮುಂದೆ ಬಾಗಿ ಎಂದಳು. ಅವನು ಬಾಗಿದ. ಒಂದು ಹಂತದಲ್ಲಿ ಹಳದಿ ಹಣ್ಣು ಕರಗಿಹೋಗಿ, ಅಲ್ಲಿ ಮೇಜಿನ ಮರದ ಗೆರೆಗಳು ಒಂದಕ್ಕೊಂದು ಕೂಡಿಕೊಂಡವು.

"ಎಲ್ಲರ ಕಣ್ಣಲ್ಲೂ ಒಂದು ತೂತು ಉಂಟು," ಎಂದಳು ವಾರಿಜಾ. "ಎರಡು ಕಣ್ಣಿದ್ದವರಿಗೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ನಿಮಗೆ ಈಗ ಮುಚ್ಚುವವರು ಇಲ್ಲ."

ಇದು ಅವಳ ಕಸುಬು. ಊರ ಹೊರಗೆ ಕಡಲಿಗೆ ಮುಖ ಮಾಡಿ ನಿಂತ ನೇತ್ರ ಪ್ರಯೋಗಾಲಯದಲ್ಲಿ ಅವಳು ಕಣ್ಣುಗಳನ್ನು ಓದುತ್ತಿದ್ದಳು. ಮೊದಲು ಓದಿದ್ದು ಬೊಂಡಾಸಿನ ಕಣ್ಣು, ಹತ್ತು ತೋಳಿನ, ಮೂಳೆಯಿಲ್ಲದ ಕಡಲಜೀವಿಯದ್ದು. ಸಂಶೋಧನೆಗೆಂದು ಜೀವಂತ ಬೊಂಡಾಸ್ ಕೇಳಿಕೊಂಡು ಈ ಹುಡುಗಿ ಮೀನಿಳಿಸುವ ದಕ್ಕೆಗೆ ಬಂದಾಗ ಬೋಟಿನವರೆಲ್ಲ ನಕ್ಕಿದ್ದರು. ಪುರಂದರ ಒಬ್ಬ ನಗದೆ ಬಕೆಟಿನಲ್ಲಿ ಕಡಲನೀರು ತುಂಬಿಸಿ ಬೊಂಡಾಸ್ ತಂದುಕೊಟ್ಟಿದ್ದ. ಮದುವೆಯಾದದ್ದು ಹಾಗೆ.

"ನಮ್ಮ ಕಣ್ಣು ಒಳಹೊರಗು ತಿರುಗಿಸಿ ಹೊಲಿದ ಅಂಗಿ ಇದ್ದ ಹಾಗೆ," ಎಂದು ಅವಳು ಲಿಂಬೆಹಣ್ಣನ್ನು ಹೆಚ್ಚುತ್ತಾ ವಿವರಿಸಿದಳು. "ತಾಯಿಯ ಹೊಟ್ಟೆಯಲ್ಲಿ ಅದು ಮಿದುಳಿನಿಂದ ಹೊರಗೆ ಚಿಗುರುವುದು. ಹಾಗಾಗಿ ಬೆಳಕು ಹಿಡಿಯುವ ಕೋಶಗಳು ಹಿಂದೆ, ಸುದ್ದಿ ಒಯ್ಯುವ ನರಗಳು ಮುಂದೆ. ಆ ನರಗಳೆಲ್ಲ ಒಟ್ಟು ಸೇರಿ ಮಿದುಳಿಗೆ ಹೋಗಬೇಕಾದರೆ ಕಣ್ಣೊಳಗಿನ ಪರದೆಗೆ ತೂತು ಮಾಡಲೇಬೇಕು. ಆ ತೂತಿನಲ್ಲಿ ಬೆಳಕು ಬಿದ್ದರೆ ಕಾಣುವುದಿಲ್ಲ. ಬೊಂಡಾಸಿನ ಕಣ್ಣು ಚರ್ಮದಿಂದ ಒಳಗೆ ಮಡಚಿಕೊಂಡದ್ದು. ಅದರ ನರ ಹಿಂದಿನಿಂದಲೇ ಹೋಗುತ್ತದೆ. ತೂತೇ ಇಲ್ಲ."

"ದೇವರಿಗೆ ಬೊಂಡಾಸಿನ ಮೇಲೆ ಪ್ರೀತಿ ಜಾಸ್ತಿ."

"ನಮಗೂ ಜಾಸ್ತಿಯೇ. ಹುರಿದು ತಿನ್ನುವುದಿಲ್ಲವಾ?"

ಅವನು ನಗಲಿಲ್ಲ. ಲಿಂಬೆಹಣ್ಣು ಇದ್ದ ಜಾಗವನ್ನೇ ನೋಡುತ್ತಿದ್ದ. "ಹಾಗಾದರೆ ಅಲ್ಲಿ ನನಗೆ ಕಂಡ ನೀರು ಯಾರದ್ದು?"

"ನಿಮ್ಮದೇ. ಸುತ್ತ ಎಂತ ಉಂಟೋ ಅದನ್ನೇ ನೋಡಿಕೊಂಡು ಮಿದುಳು ಬರೆದುಹಾಕಿದ್ದು."

ಆ ಮಾತು ಹಾಸ್ಯವಾಗಿ ಉಳಿಯಲಿಲ್ಲ. ಸ್ವಲ್ಪ ದಿನ ಕಳೆದು ಒಂದು ಮಧ್ಯಾಹ್ನ, ಬೋಟು ಬಂದರಿಗೆ ತಿರುಗುತ್ತಿದ್ದಾಗ, ಬಲಗಡೆಯ ಖಾಲಿ ನೀರಿನಿಂದ ಒಂದು ನಾಡದೋಣಿ ಇದ್ದಕ್ಕಿದ್ದಂತೆ ಹುಟ್ಟಿಬಂತು. ಹಿಂದಿನಿಂದ ಸದಿಯಣ್ಣ ಕೂಗಿದ. ಪುರಂದರನ ತಂದೆಯ ಕಾಲದಿಂದಲೂ ಬೋಟಿನಲ್ಲಿದ್ದ ಹಿರಿಯ ಅವನು. ಪುರಂದರ ಚಕ್ರ ತಿರುಗಿಸಿದ. ದೋಣಿಯ ಅಂಚನ್ನು ಸವರಿಕೊಂಡು ಬೋಟು ದಾಟಿಹೋಯಿತು. ದೋಣಿಯಲ್ಲಿ ಅಪ್ಪ ಮಗಳು ಇಬ್ಬರು ಕೂತಿದ್ದರು. ಮಗಳು ಕೈಯಲ್ಲಿದ್ದ ಬುತ್ತಿಯ ತುತ್ತನ್ನು ಬಾಯಿಗಿಡುವುದನ್ನೂ ಮರೆತು ಅವನನ್ನೇ ನೋಡಿದಳು.

ಯಾರಿಗೂ ಏನೂ ಆಗಿರಲಿಲ್ಲ. ಆದರೂ ಪುರಂದರ ದಕ್ಕೆಗೆ ಬೋಟು ತಾಗಿಸಿ, ಚಕ್ರವನ್ನು ಸದಿಯಣ್ಣನಿಗೆ ಒಪ್ಪಿಸಿ, ನಡೆದು ಮನೆಗೆ ಬಂದ. ಮರುದಿನ ಹೋಗಲಿಲ್ಲ. ಆಚೆ ದಿನವೂ ಇಲ್ಲ.

"ಅವರಿಬ್ಬರ ಮೇಲೆ ನಾನು ಕಡಲು ಬರೆದುಬಿಟ್ಟಿದ್ದೆ," ಎಂದು ಮಾತ್ರ ಹೆಂಡತಿಯ ಹತ್ತಿರ ಹೇಳಿದ.

*

ಪ್ರಯೋಗಾಲಯದಲ್ಲಿ ಆ ತೂತಿಗೊಂದು ತೇಪೆ ತಯಾರಾಗುತ್ತಿತ್ತು. ಅದು ಸಿಗಡಿಯ ಸಿಪ್ಪೆಗಿಂತ ತೆಳುವಾದ ಒಂದು ಪೊರೆ. ಕಣ್ಣಿನ ಹಿಂಗೋಡೆಯಲ್ಲಿ ನರಗಳು ಹೊರಹೋಗುವ ಬಾಯಿಯ ಮೇಲೆ ಕೂತು ಬೆಳಕನ್ನು ಹಿಡಿಯುತ್ತದೆ. ಹಿಡಿದದ್ದನ್ನು ತಲೆಯ ಹಿಂಭಾಗದಲ್ಲಿ, ನೋಟಕ್ಕೆ ಮೀಸಲಾದ ಮಿದುಳಿನ ಮೇಲೆ ಹಾಸಿದ ಒಂದು ಸಣ್ಣ ಬಲೆಗೆ ತಂತಿಯಿಲ್ಲದೆ ಕಳಿಸುತ್ತದೆ. ಒಂದು ಕಣ್ಣು ಕಳೆದುಕೊಂಡವರಿಗೆ ಇದು ಸಲೀಸು. ಉಳಿದ ಕಣ್ಣಿನ ತೂತನ್ನು ನೋಡಿಕೊಳ್ಳುತ್ತಿದ್ದ ಮಿದುಳಿನ ಜಾಗ ಕೆಲಸವಿಲ್ಲದೆ ಖಾಲಿ ಬಿದ್ದಿರುತ್ತದೆ.

ತೊಡಕು ಬೇರೆ ಕಡೆ ಇತ್ತು. ಪೊರೆ ನಿಜವಾದ ಚಿತ್ರ ಕಳಿಸಿದರೂ ಮಿದುಳು ತನ್ನ ಹಳೆಯ ಚಾಳಿ ಬಿಡದೆ ಅದರ ಮೇಲೆ ತನ್ನದೇ ಚಿತ್ರ ಬರೆಯುತ್ತಿತ್ತು. ಅದಕ್ಕೆ ಉಪಾಯ ಹುಡುಕಿದವಳು ವಾರಿಜಾ. ಚಿತ್ರದ ಜೊತೆಗೇ, ಹಾಗೆ ತುಂಬಿಸಿ ಬರೆಯುವ ನರಕೋಶಗಳಿಗೆ ಸುಮ್ಮನಿರು ಎಂಬ ಒಂದು ಸಣ್ಣ ಮಿಡಿತವನ್ನೂ ಕಳಿಸಬೇಕು ಎಂದಳು. ಅದು ಫಲಿಸಿತು.

ಪುರಂದರ ತಾನಾಗಿಯೇ ಬಂದು ಪ್ರಯೋಗಾಲಯದ ಮುಖ್ಯಸ್ಥರಾದ ಡಾಕ್ಟರ್ ಕ್ಲೆಮೆಂಟ್ ಲಸ್ರಾದೊ ಅವರ ಮುಂದೆ ಕೂತ. ಲಸ್ರಾದೊ ಮೆತ್ತಗೆ ಮಾತಾಡುವ ಹಿರಿಯರು.

"ಹೆಂಡತಿ ಕೇಳಿದ್ದಕ್ಕೆ ಬಂದದ್ದಾ?"

"ಅವಳು ಬೇಡ ಅಂತಲೇ ಹೇಳುವುದು ಡಾಕ್ಟ್ರೇ. ನನಗೆ ಕಡಲು ಬೇಕು."

ತೇಪೆ ಹಾಕಿದ ಮೇಲೆ ಮೊದಲ ವಾರಗಳು ಹಬ್ಬದ ಹಾಗೆ ಕಳೆದವು. ಅಭ್ಯಾಸವಾಗುತ್ತಾ ಬಂದ ಹಾಗೆ ಅವನ ನೋಟದ ಬಲಬದಿಯಲ್ಲಿ ಒಂದು ಕಿಟಕಿ ತೆರೆದುಕೊಂಡಿತು. ಸಂಜೆ ಇಬ್ಬರೂ ಮರಳಿನ ಮೇಲೆ ಕೂರುತ್ತಿದ್ದರು. ಅವನು ನೇರ ಮುಂದೆ ನೋಡುತ್ತಲೇ, ಅಗೋ ಅಲ್ಲಿ ಒಂದು ಕಡಲಕಾಗೆ, ಅದರ ಹಿಂದೆ ಇನ್ನೊಂದು ಎನ್ನುತ್ತಿದ್ದ. ಅಲೆಯೊಂದು ಎದ್ದು ತುದಿ ಬಿಳಿಚಿ, ಬೆಳಕನ್ನು ಹೊಟ್ಟೆಯೊಳಗೆ ಹಿಡಿದುಕೊಂಡು ಒಡೆಯುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಲೋಕವನ್ನು ಯಾರೋ ಇದೇ ಈಗ ತೊಳೆದು ಒಣಗಲಿಟ್ಟ ಹಾಗೆ ಉಂಟು ಎಂದ. ವಾರಿಜಾಳಿಗೆ ಅವನ ಮುಖ ನೋಡುವುದೇ ಒಂದು ಸುಖವಾಗಿತ್ತು.

ಕನಸು ಬೀಳುತ್ತಿಲ್ಲ ಎಂದು ಅವನು ಒಂದು ಬೆಳಿಗ್ಗೆ ಹೇಳಿದಾಗ ಅವಳು ಅಷ್ಟಾಗಿ ಗಮನಿಸಲಿಲ್ಲ. ಗಟ್ಟಿ ನಿದ್ದೆ ಬರುತ್ತಿದೆಯಲ್ಲ, ಒಳ್ಳೆಯದೇ ಎಂದುಕೊಂಡಳು.

ಒಂದು ಭಾನುವಾರ ಅವಳು ಅಡುಗೆಮನೆಯ ಬಾಗಿಲಿನ ಪರದೆ ಸರಿಸಿ, ಅರ್ಧ ಮುಖ ಒಂದು ಕೈ ಮಾತ್ರ ಹೊರಗೆ ಹಾಕಿ, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳಿದಳು. ಪುರಂದರ ಎದ್ದು ನಿಂತಿದ್ದ. ಅವನ ಮುಖದಲ್ಲಿ ಭಯವಿರಲಿಲ್ಲ, ತುಂಬ ಜೋಪಾನವಾದ ಒಂದು ಕುತೂಹಲವಿತ್ತು. ಬಿರುಕು ಬಿಟ್ಟ ಮಣ್ಣಿನ ಬೊಂಬೆಯನ್ನು ನೋಡುವ ಹಾಗೆ.

"ಎಂತ ಆಯಿತು?"

"ನೀನು ಇಷ್ಟೇ ಇದ್ದಿ," ಎಂದ ಅವನು. "ಇಲ್ಲಿಂದ ಇಲ್ಲಿಯವರೆಗೆ. ಆಮೇಲೆ ಪರದೆ."

"ಪರದೆಯ ಹಿಂದೆ ಇದ್ದೆನಲ್ಲ."

"ಹೌದು, ಇರಬೇಕು ಅಂತ ಗೊತ್ತು. ಆದರೆ ಇರಲಿಲ್ಲ."

ಅವಳು ಚಹಾ ಲೋಟವನ್ನು ಅವನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಎಂದಿನಿಂದ ಹೀಗೆ ಎಂದು ಕೇಳಿದಳು. ಅವನು ಒಂದೊಂದೇ ನೆನಪು ಮಾಡಿಕೊಂಡು ಹೇಳಿದ. ತಡೆಗೋಡೆಯ ಹಿಂದೆ ಸರಿದ ಬೋಟು ಮುಗಿದುಹೋಗುತ್ತದೆ, ಇನ್ನೊಂದು ತುದಿಯಲ್ಲಿ ಬೇರೆ ಬೋಟು ಹುಟ್ಟುತ್ತದೆ. ತೆಂಗಿನ ಮರದ ಹಿಂದೆ ಹೋದ ಚಂದ್ರ ಎರಡು ಹೋಳು. ಬೆಕ್ಕು ಮೆಟ್ಟಿಲ ಕೆಳಗೆ ಮಲಗಿದ್ದರೆ ಬಾಲ ಮಾತ್ರ. ಇದೆಲ್ಲ ಹೇಳುವಾಗ ಅವನ ದನಿಯಲ್ಲಿ ದೂರಿರಲಿಲ್ಲ. ಒಂದು ಬೇರೆ ದೇಶಕ್ಕೆ ಹೋಗಿ ಬಂದವನು ಅಲ್ಲಿಯ ರೀತಿ ರಿವಾಜು ಹೇಳುವ ಹಾಗಿತ್ತು.

*

ಮಾರನೆಯ ದಿನ ಪ್ರಯೋಗಾಲಯದಲ್ಲಿ ಅವಳು ಅವನಿಗೆ ಚಿತ್ರಗಳನ್ನು ತೋರಿಸಿದಳು. ಅಲ್ಲಲ್ಲಿ ಬಿಟ್ಟು ಬಿಟ್ಟು ಎಳೆದ ಗೆರೆಗಳ ಒಂದು ಮನೆ. ಯಾರಾದರೂ ಮನೆ ಎನ್ನುತ್ತಾರೆ. ಅವನು, ಹನ್ನೊಂದು ಕಡ್ಡಿಗಳು ಎಂದ. ಹುಲ್ಲಿನ ಹಿಂದೆ ಅಡಗಿದ ಹುಲಿ. ಅವನಿಗೆ ಹಳದಿ ಪಟ್ಟಿಗಳು, ಹಸಿರು ಪಟ್ಟಿಗಳು.

ಕಂಪ್ಯೂಟರಿನ ಪರದೆಯ ಮೇಲೆ ಅವನ ಮಿದುಳಿನ ನಕ್ಷೆ ಮೂಡಿತು. ತೂತಿನ ಜಾಗದಲ್ಲಿ ಮಾತ್ರ ಸುಮ್ಮನಿರು ಎನ್ನಬೇಕಿದ್ದ ಮಿಡಿತ ಅಕ್ಕಪಕ್ಕಕ್ಕೂ ಹರಡಿತ್ತು. ತೆರೆ ಇಳಿದ ಮೇಲೆ ಮರಳಿನಲ್ಲಿ ಒದ್ದೆ ಹರಡುವ ಹಾಗೆ, ಸದ್ದಿಲ್ಲದೆ, ನೋಟದಲ್ಲಿ, ಕೇಳುವುದರಲ್ಲಿ, ಕನಸಿನಲ್ಲಿ, ಎಲ್ಲೆಲ್ಲಿ ಮಿದುಳು ಇಲ್ಲದ್ದನ್ನು ತುಂಬಿಸಿಕೊಳ್ಳುತ್ತದೋ ಅಲ್ಲೆಲ್ಲ ಒಂದು ಮೌನ.

ವಾರಿಜಾ ತುಂಬ ಹೊತ್ತು ಆ ನಕ್ಷೆಯ ಮುಂದೆ ಕೂತಳು. ಕಣ್ಣಿನ ತೂತು ಒಂದು ಕುಂದು ಎಂದೇ ಅವಳು ಓದಿದ್ದಳು, ಕಲಿಸಿದ್ದಳು. ಅದು ಕುಂದೇ ಇರಬಹುದು, ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಹುಟ್ಟಿದ ದಿನದಿಂದ ಆ ಖಾಲಿ ಜಾಗವನ್ನು ತುಂಬಿಸುತ್ತಾ ತುಂಬಿಸುತ್ತಾ ಮಿದುಳು ಎಂತ ಕಲಿಯಿತು? ಕಾಣದ್ದನ್ನು ಉಂಟು ಎಂದುಕೊಳ್ಳುವ ವಿದ್ಯೆಯ ಮೊದಲ ಪಾಠ ಅಲ್ಲಿಯೇ ಆದದ್ದಾದರೆ?

ಅವಳು ಲಸ್ರಾದೊ ಅವರ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದಳು. ಅವರು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡರು.

"ತೇಪೆ ಹಾಕಿಸಿಕೊಂಡ ಉಳಿದ ಆರು ಜನರಲ್ಲಿ ಯಾರೂ ಹೀಗೆ ಹೇಳಿಲ್ಲ ವಾರಿಜಾ."

"ಇಲ್ಲದ್ದು ಇಲ್ಲ ಅಂತ ಯಾರಿಗೆ ಗೊತ್ತಾಗ್ತದೆ ಸರ್? ತೂತು ಇದ್ದದ್ದೂ ನಮಗೆ ಗೊತ್ತಿರಲಿಲ್ಲವಲ್ಲ."

"ದೀಪಾವಳಿ ಕಳೆದ ಕೂಡಲೇ ಕೂಸುಗಳಿಗೆ ಶುರು ಮಾಡಬೇಕು ಅಂತ ಉಂಟು. ಗಡ್ಡೆ ಬಂದು ಒಂದು ಕಣ್ಣು ತೆಗೆದ ಕೂಸುಗಳು. ಅವರ ತಾಯಂದಿರು ಕಾಯ್ತಾ ಇದ್ದಾರೆ. ಒಬ್ಬ ಮನುಷ್ಯನಿಗೆ ಹೀಗಾಯ್ತು ಅಂತ ನಾನು ಅವರಿಗೆ ಎಂತ ಹೇಳಲಿ?" ಆಮೇಲೆ ಅವರೇ ಹೇಳಿದರು, "ಪುರಂದರ ಬೋಟಿನಲ್ಲಿ ಹೋಗಿ ಬರಲಿ. ಚಕ್ರ ಹಿಡಿದು ಸರಿಯಾಗಿ ತಂದರೆ ತೇಪೆ ಕೆಲಸ ಮಾಡ್ತದೆ ಅಂತಲ್ಲವಾ. ಆಮೇಲೆ ಕೂತು ಮಾತಾಡುವ."

ಹೊರಗೆ ಮೊಗಸಾಲೆಯಲ್ಲಿ ಒಬ್ಬ ತಾಯಿ ಕಂಬಕ್ಕೊರಗಿ ಕೂತಿದ್ದಳು. ಮಡಿಲಲ್ಲಿ ಹತ್ತು ತಿಂಗಳ ಹೆಣ್ಣುಕೂಸು, ಒಂದು ಕಣ್ಣಿನ ಮೇಲೆ ಹತ್ತಿಯ ಪಟ್ಟಿ. ತಾಯಿ ಗಿಲಕಿಯನ್ನು ಕೂಸಿನ ಮೈ ಒರೆಸುವ ಬೈರಾಸಿನ ಕೆಳಗೆ ಮುಚ್ಚಿಟ್ಟಳು. ಕೂಸು ಬೈರಾಸನ್ನು ನೋಡಿತು, ತಾಯಿಯನ್ನು ನೋಡಿತು, ಬೈರಾಸನ್ನು ಎಳೆದೆಸೆದು ಗಿಲಕಿ ಹಿಡಿದು ಕೇಕೆ ಹಾಕಿತು.

"ಮೊನ್ನೆಯಿಂದ ಕಲಿತದ್ದು ಡಾಕ್ಟ್ರಮ್ಮ," ಎಂದಳು ತಾಯಿ ಹೆಮ್ಮೆಯಿಂದ. "ಮೊದಲೆಲ್ಲ ಮುಚ್ಚಿಟ್ಟರೆ ಮರೆತೇಬಿಡುತ್ತಿದ್ದಳು. ಈಗ ಮೋಸ ಮಾಡ್ಲಿಕ್ಕೆ ಆಗುವುದಿಲ್ಲ."

ವಾರಿಜಾ ಕೂಸಿನ ಕೆನ್ನೆ ಮುಟ್ಟಿದಳು.

ಮನೆಯಲ್ಲಿ ಅವಳು ಪುರಂದರನಿಗೆ ನಕ್ಷೆಯ ವಿಷಯ, ಆ ಕೂಸಿನ ವಿಷಯ ಎರಡನ್ನೂ ತಿಳಿಸಿದಳು. ಅವನು ಕೇಳಿ ಮುಗಿಸಿ ಹೇಳಿದ್ದು ಇಷ್ಟೇ: "ಬೋಟಿಗೆ ಹೋಗಿ ಬರುವವರೆಗೆ ಅದನ್ನು ಮುಟ್ಟಬೇಡ. ಕನಸು ಇಲ್ಲದಿದ್ದರೆ ಇಲ್ಲ. ಕನಸಿನಲ್ಲಿ ಮೀನು ಸಿಗುವುದಿಲ್ಲ."

*

ಅವರು ಹೊರಟ ದಿನ ಬೆಳಗು ತಿಳಿಯಾಗಿತ್ತು. ವಾರಿಜಾಳೂ ಜೊತೆಗಿದ್ದಳು. ಚಕ್ರ ಪುರಂದರನ ಕೈಯಲ್ಲಿ. ಅವನ ಬೆನ್ನು ನೆಟ್ಟಗಾಗಿತ್ತು. ಬಲಕ್ಕೆ ದೋಣಿ, ಎಡಕ್ಕೆ ಬಲೆಯ ಬೆಂಡುಗಳು, ಮುಂದೆ ತೇಲುವ ಮರದ ತುಂಡು, ಒಂದನ್ನೂ ಬಿಡದೆ ಹೇಳುತ್ತಾ ಬೋಟನ್ನು ನೀರಿನ ಮೇಲೆ ರೇಷ್ಮೆ ಎಳೆದ ಹಾಗೆ ಒಯ್ದ. ಸದಿಯಣ್ಣ ವಾರಿಜಾಳ ಕಡೆ ತಿರುಗಿ, "ನಮ್ಮ ತಾಂಡೇಲ ವಾಪಸು ಬಂದ," ಎಂದ.

ತಿರುಗಿ ಬರುವಾಗ ಮಂಜು ಇಳಿಯಿತು. ಈ ಕರಾವಳಿಯಲ್ಲಿ ಅಪರೂಪದ್ದು. ಮೊದಲು ಆಕಾಶದ ಅಂಚು ಮಾಸಿತು, ಆಮೇಲೆ ಗುಡ್ಡಗಳು, ಆಮೇಲೆ ಕಡಲಕರೆಯ ತೆಂಗುಗಳ ಸಾಲು. ಬೋಟಿನ ಸುತ್ತ ಒಂದು ಅಂಗಳದಷ್ಟು ನೀರು ಉಳಿಯಿತು. ಅದರಾಚೆ ಬಿಳಿ. ಎಂಜಿನಿನ ಸದ್ದೂ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ ಕೇಳುತ್ತಿತ್ತು.

ಪುರಂದರ ಎಂಜಿನಿನ ವೇಗ ಇಳಿಸಿದ. ಮತ್ತೂ ಇಳಿಸಿದ. ಬೋಟು ನಿಂತು ಮೆಲ್ಲಗೆ ತೂಗತೊಡಗಿತು.

"ಎಂತಕ್ಕೆ ನಿಲ್ಲಿಸಿದ್ದು?" ಸದಿಯಣ್ಣ ಕೇಳಿದ. "ಎದುರಿಗೇ ಬಂದರು."

"ಎದುರಿಗೆ ಎಂತದೂ ಇಲ್ಲ ಸದಿಯಣ್ಣ."

"ಮಂಜು ಮಾರಾಯ. ಅದರ ಹಿಂದೆ ಊರು ಉಂಟು. ಈ ಪರದೆಯಲ್ಲಿ ಕಾಣುವುದಿಲ್ಲವಾ?" ಚಕ್ರದ ಪಕ್ಕದ ಯಂತ್ರದಲ್ಲಿ ಕರೆಯ ನಕ್ಷೆ, ಬಂದರಿನ ಬಾಯಿ, ಅವರ ಬೋಟಿನ ಚುಕ್ಕೆ ಎಲ್ಲ ಸ್ಪಷ್ಟವಾಗಿತ್ತು.

"ಪರದೆಯಲ್ಲಿ ಊರು ಉಂಟು," ಎಂದ ಪುರಂದರ. "ಇಲ್ಲಿ ಇಲ್ಲ. ನೀರು ಅಲ್ಲಿಗೆ ಮುಗಿಯಿತು. ಮುಗಿದ ಜಾಗಕ್ಕೆ ಬೋಟು ಬಿಡುವುದು ಹೇಗೆ?"

ವಾರಿಜಾ ಅವನ ಪಕ್ಕಕ್ಕೆ ಬಂದು ನಿಂತಳು. ಅವನ ಕೈಗಳು ಚಕ್ರವನ್ನು ಬಿಗಿಯಾಗಿ ಹಿಡಿದಿದ್ದವು. ಕಣ್ಣು ಬಿಳಿಯೊಳಗೆ ನೆಟ್ಟಿತ್ತು.

"ಮೊದಲೂ ಮಂಜು ಬರುತ್ತಿತ್ತು," ಎಂದ ಅವನು ನಿಧಾನವಾಗಿ. "ಆಗ ಒಳಗೆ ಊರು ಇರುತ್ತಿತ್ತು. ಐಸ್ ಫ್ಯಾಕ್ಟರಿ, ಭಜನಾ ಮಂದಿರ, ನೀನು ಬಟ್ಟೆ ಒಣಗಿಸುವುದು, ಎಲ್ಲ. ಕಾಣುತ್ತಿರಲಿಲ್ಲ, ಆದರೆ ಇರುತ್ತಿತ್ತು. ಈಗ ಹುಡುಕುತ್ತಾ ಇದ್ದೇನೆ. ಇಷ್ಟು ಹೊತ್ತಿನಿಂದ ಹುಡುಕುತ್ತಾ ಇದ್ದೇನೆ ವಾರಿಜಾ."

ಅವಳು ಅವನ ಮುಂಗೈ ಮೇಲೆ ಕೈಯಿಟ್ಟಳು. ಸುತ್ತ ಮಂಜು ಉಸಿರಾಡುತ್ತಿತ್ತು. ಕೊನೆಗೆ ಪುರಂದರ ಚಕ್ರ ಬಿಟ್ಟು ಪಕ್ಕಕ್ಕೆ ಸರಿದ. ಸದಿಯಣ್ಣ ಆ ಜಾಗದಲ್ಲಿ ನಿಂತು ಎಂಜಿನು ಏರಿಸಿದ. ಬಿಳಿಯೊಳಗೆ ಬೋಟು ಹೊಕ್ಕಿತು. ಪುರಂದರ ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡು, ಹೆಜ್ಜೆ ಹೆಜ್ಜೆಗೂ ಲೋಕ ಹೊಸದಾಗಿ ಹುಟ್ಟುವುದನ್ನು ನೋಡುತ್ತಾ ಕೂತ.

ದಕ್ಕೆಯ ಕಲ್ಲು ಕಂಡ ಮೇಲೆ ಅವನು ಕೇಳಿದ, "ಆ ಕೂಸಿಗೆ ಯಾವಾಗ ಹಾಕುವುದು?"

"ಮುಂದಿನ ವಾರ."

"ನಾನು ಊರು ನೋಡಿದವನು. ಕಳೆದುಹೋಯಿತು ಅಂತ ಹೇಳಲಿಕ್ಕಾದರೂ ಬಂತು. ಅವಳಿಗೆ ಹೇಳಲಿಕ್ಕೂ ಬರುವುದಿಲ್ಲ." ಅವನು ಬೋಟಿನಿಂದ ಇನ್ನೂ ಇಳಿದಿರಲಿಲ್ಲ. "ನಿನ್ನ ಡಾಕ್ಟ್ರಿಗೆ ನಾನೇ ಹೇಳುತ್ತೇನೆ. ಈಗಲೇ ಹೋಗುವ. ನಾಳೆಯಾದರೆ ಪುನಃ ಕಡಲು ಬೇಕು ಅನಿಸೀತು."

ಲಸ್ರಾದೊ ಅವರ ಕೋಣೆಯಲ್ಲಿ ಅವನು ಸುತ್ತುಬಳಸಿ ಮಾತಾಡಲಿಲ್ಲ. ಮಂಜಿನಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ಲಸ್ರಾದೊ ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಇದನ್ನು ನಿಲ್ಲಿಸಿದರೆ ನಿಮಗೆ ಪುನಃ ಚಕ್ರ ಸಿಗುವುದಿಲ್ಲ ಪುರಂದರ. ಗೊತ್ತಿದ್ದೇ ಹೇಳ್ತಾ ಇದ್ದೀರಾ?"

"ಬೋಟಿನಲ್ಲಿ ಬೇರೆ ಕೆಲಸ ಉಂಟು ಡಾಕ್ಟ್ರೇ."

ಕೂಸುಗಳ ಪ್ರಯೋಗ ನಿಂತಿತು. ಉಳಿದ ಆರು ಜನರನ್ನು ಕರೆಸಿ ಚಿತ್ರ ತೋರಿಸಿದಾಗ ಅವರಲ್ಲಿ ಇಬ್ಬರು ಆಗಲೇ ಮನೆಯನ್ನು ಕಡ್ಡಿಗಳೆಂದು ಎಣಿಸತೊಡಗಿದ್ದರು. ತೇಪೆಯನ್ನೂ ತಾನೇ ಹುಡುಕಿದ ಮಿಡಿತವನ್ನೂ ವಾರಿಜಾ ತನ್ನ ಕೈಯಾರೆ ಒಬ್ಬೊಬ್ಬರಲ್ಲೂ ಆರಿಸಿದಳು. ಗಂಡನದ್ದನ್ನು ಆರಿಸುವಾಗ ಬೆರಳು ಒಂದು ಕ್ಷಣ ತಡೆಯಿತು. ಅವನು, "ಒತ್ತು," ಎಂದ.

ಕೂಡಲೇ ಏನೂ ಮರಳಿ ಬರಲಿಲ್ಲ. ಪೊರೆ ಕಳಿಸುತ್ತಿದ್ದ ನೋಟ ನಿಂತು ಬಲಬದಿಯ ಕಿಟಕಿ ಮುಚ್ಚಿಕೊಂಡಿತು. ಅಲ್ಲಿ ಮೊದಲಿನ ಹಾಗೆ ನೀರೂ ತುಂಬಲಿಲ್ಲ, ಆಕಾಶವೂ ತುಂಬಲಿಲ್ಲ. ಬಣ್ಣವೇ ಇಲ್ಲದ ಒಂದು ಇಲ್ಲ ಅಲ್ಲಿ ಕೂತಿತು. ಪುರಂದರ ಅದನ್ನು ಹೊತ್ತುಕೊಂಡು ಬೋಟಿಗೆ ಹೋದ. ಬಲೆ ಎಳೆದ, ಮೀನು ವಿಂಗಡಿಸಿದ. ಚಕ್ರ ಹಿಡಿದ ಸದಿಯಣ್ಣನಿಗೆ ಅಭ್ಯಾಸಬಲದಿಂದ ಬುದ್ಧಿ ಹೇಳಿ ಬೈಸಿಕೊಂಡ. ಅವನು ಸರಿಹೋಗುತ್ತಾನೋ ಇಲ್ಲವೋ ವಾರಿಜಾಳಿಗೆ ತಿಳಿಯದು. ಒದ್ದೆ ಮರಳು ತಾನಾಗಿ ಆರಬೇಕು, ಗಾಳಿ ಹಾಕಿದರೆ ಆರುವುದಿಲ್ಲ ಎಂದು ಲಸ್ರಾದೊ ಸಮಾಧಾನ ಹೇಳುತ್ತಿದ್ದರು.

ಬೇಸಿಗೆ ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಪುರಂದರ ಜಗಲಿಯಲ್ಲಿ ಚಾಪೆ ಹಾಸಿ ಅಡ್ಡಾಗಿದ್ದ. ಒಳಗೆ ವಾರಿಜಾ ಚಟ್ನಿ ಅರೆಯುತ್ತಾ ತನ್ನಷ್ಟಕ್ಕೆ ಒಂದು ಹಾಡು ಗುನುಗುತ್ತಿದ್ದಳು. ಅವಳ ಅಜ್ಜಿ ಮೀನಿನ ಬುಟ್ಟಿ ಹೊತ್ತು ಹೋಗುವಾಗ ಹೇಳುತ್ತಿದ್ದ ಹಾಡು. ಮಿಕ್ಸಿ ಗರ್ರೆಂದಾಗಲೆಲ್ಲ ಸಾಲು ಅರ್ಧಕ್ಕೆ ಮುಳುಗುತ್ತಿತ್ತು.

"ಮೂಡಣ ಗಾಳಿಗೆ ಮಲಗಿದ ಕಡಲಮ್ಮ, ಏಳುವಾಗ ತರುತಾಳೆ..."

ಮಿಕ್ಸಿ ಮುಂದಿನದನ್ನು ನುಂಗಿತು. ಅದು ನಿಲ್ಲುವಷ್ಟರಲ್ಲಿ ಜಗಲಿಯಿಂದ ದನಿ ಬಂತು. ಶ್ರುತಿಯಿಲ್ಲದ, ನಿದ್ದೆಗಣ್ಣಿನ ದನಿ.

"...ಆನೆಮರಿಗೆ ಹಾಲು."

ವಾರಿಜಾ ಮಿಕ್ಸಿಯ ಮುಚ್ಚಳ ಹಿಡಿದುಕೊಂಡೇ ನಿಂತಳು. ಆ ಹಾಡಿನಲ್ಲಿ ಕಡಲಮ್ಮ ತರುವುದು ಮಡಿಲು ತುಂಬ ಮುತ್ತು. ಆನೆಯ ಸುದ್ದಿ ಎಲ್ಲಿಯೂ ಇಲ್ಲ. ಮಿಕ್ಸಿ ನುಂಗಿದ ಜಾಗಕ್ಕೆ ಅದನ್ನು ಬರೆದುಹಾಕಿದ್ದು ಅವನೇ.

"ಎಂತ ಅಂದಿರಿ?" ಎಂದಳು, ದನಿ ಆದಷ್ಟು ಸಲೀಸಾಗಿ ಇಟ್ಟುಕೊಂಡು.

"ನೀನು ಹಾಡಿದ್ದೇ. ಆನೆಮರಿಗೆ ಹಾಲು."

"ಹಾಗೆ ಇಲ್ಲ ಆ ಹಾಡಿನಲ್ಲಿ."

"ಇಲ್ಲವಾ?" ಅವನು ಮಗ್ಗುಲು ಬದಲಾಯಿಸಿದ ಸದ್ದಾಯಿತು. "ನನಗೆ ಹಾಗೇ ಕೇಳಿತು. ಇರಲಿ, ಚಂದ ಉಂಟು. ಮುಂದೆ ಹಾಡು."

ಅವಳು ಮುಚ್ಚಳ ಹಾಕಿ ಮುಂದಿನ ಸಾಲು ಎತ್ತಿಕೊಂಡಳು. ಸಾಲು ಅರ್ಧಕ್ಕೆ ಬಂದ ಕೂಡಲೇ, ಚಟ್ನಿ ಆಗಲೇ ನುಣ್ಣಗಾಗಿದ್ದರೂ, ಮಿಕ್ಸಿಯ ಗುಂಡಿ ಒತ್ತಿದಳು.